ಮಾತು ಬಿಟ್ಟ ಲ್ಯಾಪ್‌ಟಾಪ್

ರಾಯಚೂರಿನ ಬಿಸಿಲಿಗೆ ಫ್ಯಾನ್ ಕೂಡ ಗೊಣಗುತ್ತದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಮಾತ್ರ ನಿನ್ನೆಯಿಂದ ಮಾತು ಬಿಟ್ಟಿತ್ತು. ಸದ್ದು ನೋಡಿಕೊಳ್ಳುವ ಪೈಪ್‌ವೈರ್ ಅನ್ನೋ ಸಾಫ್ಟ್‌ವೇರ್ ರೀಸ್ಟಾರ್ಟ್ ಮಾಡಿದೆ, ಉಹುಂ. ಸೆಟ್ಟಿಂಗ್ಸ್ ತೆಗೆದರೆ ಔಟ್‌ಪುಟ್ ಎಚ್‌ಡಿಎಂಐ ಕಡೆ ಹೋಗಿ ಕೂತಿದೆ! ಮೊನ್ನೆ ಟಿವಿಗೆ ಕೇಬಲ್ ಹಾಕಿದ್ದೆ ನೋಡಿ. ಅದನ್ನು ಸ್ಪೀಕರ್‌ಗೆ ಬದಲಿಸಿದರೂ ಸದ್ದಿಲ್ಲ. ಎರಡು ಬಾಗಿಲು ಹಾಕಿ, ಒಂದನ್ನೇ ತೆಗೆದು, ಯಾಕೆ ಬರಲಿಲ್ಲ ಅಂತ ಬೈಯುವವರು ನಾವೇ ಅಲ್ವಾ?

ಕೊನೆಗೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಸದ್ದು ಹೆಚ್ಚು-ಕಮ್ಮಿ ಮಾಡುವ ಆಲ್ಸಾಮಿಕ್ಸರ್ ತೆರೆದೆ. ಎಫ್6 ಒತ್ತಿ ಸರಿಯಾದ ಸೌಂಡ್ ಕಾರ್ಡ್ ಆರಿಸಿದೆ. ಸ್ಪೀಕರ್ ಪಟ್ಟಿಯ ಕೆಳಗೆ ‘ಎಂಎಂ’ ಅಂತಿತ್ತು, ಅಂದರೆ ಮ್ಯೂಟ್. ಎಂ ಕೀ ಒತ್ತಿದ್ದೇ ತಡ, ಅರ್ಧಕ್ಕೆ ನಿಂತಿದ್ದ ಹಾಡು ಮನೆ ತುಂಬಾ ಮೊಳಗಿತು.

ಅಡುಗೆಮನೆಯಿಂದ ಅವ್ವ: “ಸೌಂಡ್ ಕಮ್ಮಿ ಮಾಡಪ, ನಿನ್ನೆ ಮನಿ ಎಷ್ಟ್ ತಣ್ಣಗಿತ್ತು!”