ಪಿಲ್ಸೆನ್ನಿನ ನೆಲಮಾಳಿಗೆಯಲ್ಲಿ

ಪ್ರಾಗ್ ನಗರಕ್ಕೆ ಬಂದು ಆರು ವರ್ಷಗಳಾದರೂ, ರೈಲಿನಲ್ಲಿ ಒಂದೂವರೆ ಗಂಟೆಯಷ್ಟೇ ದೂರದ ಪಲ್ಜೆನ್ ಊರಿಗೆ ಹೋಗಲು ಕಾಲ ಕೂಡಿಬಂದದ್ದು ಕಳೆದ ಮೇ ತಿಂಗಳಲ್ಲಿ. ಜರ್ಮನ್ ಭಾಷೆಯಲ್ಲಿ ಈ ಊರಿಗೆ ಪಿಲ್ಸೆನ್ ಎಂದು ಹೆಸರು. ಬೆಂಗಳೂರಿನ ಬಾರುಗಳಲ್ಲೂ ಕಿವಿಗೆ ಬೀಳುವ ‘ಪಿಲ್ಸ್ನರ್’ ಬಿಯರ್ ಹುಟ್ಟಿದ್ದು ಇಲ್ಲಿನ ‘ಪಿಲ್ಸ್ನರ್ ಉರ್ಕೆಲ್’ ಭಟ್ಟಿಯಲ್ಲಿ. ಅದರ ಬಾಟಲಿಯ ಚೀಟಿಯ ಮೇಲೆ ಅಚ್ಚಾಗಿರುವ ಜೋಡಿ ಕಮಾನಿನ ಹೆಬ್ಬಾಗಿಲನ್ನು 1892ರಲ್ಲಿ, ಭಟ್ಟಿಗೆ ಐವತ್ತು ವರ್ಷ ತುಂಬಿದ ನೆನಪಿಗಾಗಿ ಕಟ್ಟಿದರು. ಅದನ್ನು ದಾಟಿ ಒಳಗೆ ಹೋದರೆ ಮಾಲ್ಟಿನ ಸಿಹಿಗಂಪು ಎದುರಾಗುತ್ತದೆ.

ಈ ಭಟ್ಟಿಯ ಹುಟ್ಟಿಗೆ ಕಾರಣವಾದದ್ದು ಊರಿನವರ ಸಿಟ್ಟು. ಬಿಯರ್ ತಯಾರಿಸುವ ಹಕ್ಕನ್ನು ತಲೆತಲಾಂತರದಿಂದ ಪಡೆದಿದ್ದ ಪುರವಾಸಿಗಳು ಅದನ್ನು ತಮ್ಮ ತಮ್ಮ ಮನೆಗಳಲ್ಲಿ ಹದವಿಲ್ಲದೆ ಮಾಡುತ್ತ ಬಂದು, 1838ರ ಹೊತ್ತಿಗೆ ಬಿಯರ್ ಅದೆಷ್ಟು ಕೆಟ್ಟಿತ್ತೆಂದರೆ, 36 ಪೀಪಾಯಿಗಳಷ್ಟನ್ನು ಪುರಭವನದ ಮುಂದೆಯೇ ಸುರಿದುಬಿಟ್ಟರು. ಆಮೇಲೆ ಅವರೇ ಒಟ್ಟುಗೂಡಿ, ಎಲ್ಲರಿಗೂ ಸೇರಿದ ಒಂದೇ ಭಟ್ಟಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಕುಶಲಿಗನನ್ನು ಕರೆಸಿಕೊಂಡರು. ಆತ 1842ರ ಅಕ್ಟೋಬರ್ 5ರಂದು ಕುದಿಸಿಟ್ಟ ಮೊದಲ ಬಿಯರನ್ನು ನವೆಂಬರ್ 11ರ ಸಂತ ಮಾರ್ಟಿನ್ನನ ಹಬ್ಬದಂದು ಜನ ಕುಡಿದರು. ಕಂದು ಬಣ್ಣದ ಬಿಯರಿಗೆ ಒಗ್ಗಿದ್ದವರ ಮುಂದೆ ಹೊಂಬಣ್ಣದ, ತಿಳಿಯಾದ ಪಾನೀಯ ಬಂದು ನಿಂತಿತ್ತು.

ಮಾರ್ಗದರ್ಶಕಿ ನಮ್ಮೆಲ್ಲರ ಅಂಗೈಗೂ ಒಂದಿಷ್ಟು ಬಾರ್ಲಿ ಮಾಲ್ಟ್ ಸುರಿದು, ಅಗಿದು ನೋಡಲು ಹೇಳಿದರು. ಕುರುಕಲು ಸದ್ದಿನ ಹಿಂದೆಯೇ ನಾಲಿಗೆಗೆ ತಿಳಿಯಾದ ಸಿಹಿ ಹತ್ತಿತು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿ ಮಕ್ಕಳಿಗೆ ಸರಿ ಮಾಡುವ ನಮ್ಮ ಮನೆಗಳ ಕೆಲಸವೂ ಇದೇ: ಮೊಳಕೆಯೊಡೆದ ಕಾಳು ತನ್ನ ಪಿಷ್ಟವನ್ನು ತಾನೇ ಸಕ್ಕರೆಯಾಗಿಸಲು ಅಣಿಯಾಗುತ್ತದೆ. ಉಳಿದಂತೆ ಇವರಿಗೆ ಬೇಕಾದದ್ದು ಝಾಟೆಟ್ಸ್ ಪ್ರದೇಶದ, ಕಹಿ ಕೊಡುವ ಹಾಪ್ಸ್ ಹೂವು, ಯೀಸ್ಟ್ ಮತ್ತು ನೀರು. ಇಲ್ಲಿನ ನೀರು ಬಹಳ ಮೆದು, ಖನಿಜಾಂಶ ತೀರ ಕಡಿಮೆ. ಹಾಪ್ಸಿನ ಕಹಿ ಒರಟಾಗದಿರುವುದಕ್ಕೆ ಅದೂ ಕಾರಣ. ಬೇಳೆ ಬೇಯದ ಕೊಳವೆಬಾವಿಯ ನೀರಿನೊಡನೆ ಏಗಿ ಬೆಳೆದ ನನಗೆ, ನೀರಿನ ಗುಣ ಒಂದು ಊರಿನ ಹೆಸರನ್ನೇ ಜಗತ್ತಿಗೆ ಹಬ್ಬಿಸಬಲ್ಲದೆಂಬುದು ಮನಸ್ಸಿಗೆ ನಾಟಿತು.

ತಾಮ್ರದ ದೊಡ್ಡ ಹಂಡೆಗಳ ಕೋಣೆಯಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಬಿಸಿನೀರಿನಲ್ಲಿ ಕಲಸಿದ ಮಾಲ್ಟಿನ ಒಂದು ಪಾಲನ್ನು ಬೇರೆ ಹಂಡೆಗೆ ತೆಗೆದು, ನೇರವಾಗಿ ಬೆಂಕಿಯ ಮೇಲೆಯೇ ಕುದಿಸಿ, ಮತ್ತೆ ಮೊದಲಿನದಕ್ಕೆ ಬೆರೆಸುತ್ತಾರೆ. ಹೀಗೆ ಮೂರು ಸಲ. ಸಮಯವೂ ಉರಿಯೂ ಹೆಚ್ಚು ಬೇಡುವ ಈ ಕ್ರಮವನ್ನು ಬಹುಪಾಲು ಭಟ್ಟಿಗಳು ಬಿಟ್ಟುಬಿಟ್ಟಿವೆ. ಬಾಟಲಿ ತುಂಬುವ ಯಂತ್ರಗಳ ಸಾಲನ್ನೂ ತೋರಿಸಿದರು, ಆದರೆ ಅಂಥದ್ದನ್ನು ಎಲ್ಲಿ ಬೇಕಾದರೂ ನೋಡಬಹುದು.

ಕೊನೆಯದು ನೆಲಮಾಳಿಗೆ. ಊರಿನಡಿಯ ಮರಳುಗಲ್ಲನ್ನು ಕೊರೆದು ಮಾಡಿದ ಸುಮಾರು 9 ಕಿಲೋಮೀಟರ್ ಸುರಂಗಗಳಲ್ಲಿ ಹಿಂದೆ ಮಂಜುಗಡ್ಡೆ ತುಂಬಿ ತಂಪು ಕಾಯುತ್ತಿದ್ದರು. 1990ರ ದಶಕದಲ್ಲಿ ಉಕ್ಕಿನ ಟ್ಯಾಂಕುಗಳು ಬಂದ ಮೇಲೂ ಸ್ವಲ್ಪ ಬಿಯರನ್ನು ಇಲ್ಲಿನ ಓಕ್ ಮರದ ತೊಟ್ಟಿ, ಪೀಪಾಯಿಗಳಲ್ಲೇ ಹುದುಗಿಸುತ್ತಾರೆ. ಅದು ಬರಿಯ ಪ್ರದರ್ಶನಕ್ಕಲ್ಲ, ಉಕ್ಕಿನೊಳಗಿನದರ ರುಚಿ ಹಳೆಯ ಹದದಿಂದ ಜಾರಿದೆಯೇ ಎಂದು ಒರೆಹಚ್ಚಿ ನೋಡುವುದಕ್ಕೆ. ಆ ಪೀಪಾಯಿಗಳನ್ನು ಮಾಡುವ, ಒಳಗೋಡೆಗೆ ರಾಳ ಬಳಿಯುವ ಬಡಗಿಗಳು ಇಂದಿಗೂ ಇಲ್ಲಿ ಕೆಲಸದಲ್ಲಿದ್ದಾರೆ. ನನಗೆ ಅತ್ಯಂತ ಗೌರವ ಮೂಡಿಸಿದ್ದು ಇದು.

ಸೋಸದ, ಬಿಸಿ ಮಾಡಿ ಸಂಸ್ಕರಿಸದ ಆ ಬಿಯರನ್ನು ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಬಗ್ಗಿಸಿ ಕೊಟ್ಟರು. ತುಸು ಮಸುಕಾಗಿದ್ದ ಅದರ ಮೇಲೆ ಕೆನೆಯಂತೆ ನೊರೆ ಕಟ್ಟಿತ್ತು. ಮೊದಲ ಗುಟುಕಿಗೆ ಹೊಸ ಬ್ರೆಡ್ಡಿನ ಗಂಪು, ನುಂಗಿದ ಮೇಲೆ ಹಾಗಲಕಾಯಿಯಂತೆ ನಿಧಾನವಾಗಿ ಏರುವ ಕಹಿ. ಹೊರಗೆ ಬಿಸಿಲಿದ್ದರೂ ಕೆಳಗೆ ಕೈ ಮರಗಟ್ಟುವಷ್ಟು ಚಳಿ. ಇತ್ತ ಬರುವವರು ಸ್ವೆಟರ್ ಮರೆಯಬಾರದು.