ನೋ, ಥ್ಯಾಂಕ್ಯೂ

ಬುಧವಾರ, ಮಾರ್ಚ್ 12, 2025

ಅಕ್ಕ ಇವತ್ತು ಫೋನಲ್ಲಿ ನಗುತ್ತಲೇ ಶುರು ಮಾಡಿದಳು. ಆ ನಗು ಎಲ್ಲಿ ನಿಂತಿತೋ ನನಗೆ ಗೊತ್ತಾಗಲೇ ಇಲ್ಲ.

ಆಫೀಸಿನಲ್ಲಿ ಅವಳ ಮೇಲಿನವರು ಒಂದಷ್ಟು ಫೈಲು ಹಿಡಿದು ಬಂದು, "ವುಡ್ ಯೂ ಲೈಕ್ ಟು ಟೇಕ್ ದೀಸ್ ಡೌನ್‌ಸ್ಟೇರ್ಸ್?" ಅಂದರಂತೆ. ಇವಳು ಬಹಳ ಮರ್ಯಾದೆಯಿಂದ "ನೋ, ಥ್ಯಾಂಕ್ಯೂ" ಅಂದಿದ್ದಾಳೆ. ಇಷ್ಟಾನಾ ಅಂತ ಕೇಳಿದರು, ಇಷ್ಟ ಇರಲಿಲ್ಲ, ಹೇಳಿದಳು, ಅಷ್ಟೇ ಅಲ್ವಾ? ಆಯಮ್ಮ ಫೈಲು ಹಿಡಿದುಕೊಂಡು ಹಾಗೇ ನಿಂತರಂತೆ. ಪಕ್ಕದ ಟೇಬಲ್ಲಿನವನ ಕೀಬೋರ್ಡ್ ಸದ್ದೂ ನಿಂತುಹೋಯಿತಂತೆ.

"ಒಂದೊಂದು ಪದಾನೂ ಗೊತ್ತಿತ್ತು ಕಣೋ. ಅದು ಪ್ರಶ್ನೆ ಅಲ್ಲ, ನಯವಾಗಿ ಕೆಲಸ ಹೇಳೋ ರೀತಿ ಅನ್ನೋದು ಗೊತ್ತಿರಲಿಲ್ಲ."

ಇಂಗ್ಲಿಷ್ ಮಾತಾಡೋ ಊರಲ್ಲೇ ಇದ್ದರೆ ಅದು ತಾನಾಗೇ ಬರುತ್ತೆ ಅಂತ ಅವಳು ಅಲ್ಲಿಗೆ ಹೊರಡುವಾಗ ಎಲ್ಲರೂ ಹೇಳಿದ್ದೆವು, ನಾನೇ ಜಾಸ್ತಿ. ಎರಡು ವರ್ಷ ಆಯಿತು. ಅವಳ ದಿನ ನೋಡಿದರೆ ಕೆಲಸದಲ್ಲಿ ಹತ್ತಿಪ್ಪತ್ತು ಮಾತು, ಮನೆಗೆ ಬಂದರೆ ಕನ್ನಡ, ರಜೆ ದಿನ ನಮ್ಮವರೇ. ಊರಷ್ಟೇ ಇಂಗ್ಲಿಷಿನದು.

ಜಾನ್ ಶೂಮನ್ ಅನ್ನುವ ಭಾಷಾತಜ್ಞರು 1978ರಲ್ಲಿ ಬರೆದದ್ದು ಇದನ್ನೇ. ಕೋಸ್ಟರಿಕಾದಿಂದ ಅಮೆರಿಕಕ್ಕೆ ಹೋದ 33 ವರ್ಷದ ಕೆಲಸಗಾರನನ್ನು ಅವರು 10 ತಿಂಗಳು ಗಮನಿಸಿದರು. ಅವನ ಇಂಗ್ಲಿಷ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ದಡ್ಡ ಅಂತಲ್ಲ, ಅಲ್ಲಿನ ಜನರಿಗೂ ಅವನಿಗೂ ಇದ್ದ ದೂರ ಅಷ್ಟಿತ್ತು ಅಂತ ಅವರ ವಾದ. ಹಾಗಂತ ಬೆರೆತರೆ ಎಲ್ಲ ಸರಿಹೋಗುತ್ತೆ ಅಂತಲೂ ಇಲ್ಲ. 1983ರಲ್ಲಿ ರಿಚರ್ಡ್ ಶ್ಮಿಟ್ ಹವಾಯಿಯಲ್ಲಿದ್ದ ಒಬ್ಬ ಜಪಾನಿ ಕಲಾವಿದನ ಬಗ್ಗೆ ಬರೆದರು. ಅವನು ಎಲ್ಲರ ಜೊತೆ ಸಲೀಸಾಗಿ ಹರಟುತ್ತಿದ್ದ, ವ್ಯಾಕರಣ ಮಾತ್ರ ಮೂರು ವರ್ಷವಾದರೂ ಸುಧಾರಿಸಿದ್ದು ಅಷ್ಟಕ್ಕಷ್ಟೇ. ನಮ್ಮಕ್ಕ ಇದರ ಉಲ್ಟಾ. ವ್ಯಾಕರಣದಲ್ಲಿ ಒಂದು ತಪ್ಪು ಹುಡುಕಿ ನೋಡೋಣ!

ಇದನ್ನೆಲ್ಲ ಅವಳಿಗೆ ಹೇಳಿದೆ. ಹೇಳಬಾರದಿತ್ತು.

"ಅದಿರಲಿ ಬಿಡು. ಇಲ್ಲಿ ನನ್ನನ್ನ ಎಲ್ಲರೂ ತುಂಬಾ ಸೈಲೆಂಟು ಅಂದ್ಕೊಂಡಿದಾರೆ, ಗೊತ್ತಾ?"

ಸೈಲೆಂಟು! ಮನೆಗೆ ಬಂದುಹೋದವರ ದನಿ, ನಡಿಗೆ, ಕೆಮ್ಮು ಎಲ್ಲ ತೆಗೆದು ತೋರಿಸುತ್ತಿದ್ದವಳು. ಅಲ್ಲಿ ಜೋಕಿಗೆ ಇಂಗ್ಲಿಷ್ ಜೋಡಿಸಿಕೊಳ್ಳೋಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಂತೆ.

ಫೋನ್ ಸ್ವಲ್ಪ ಕಡಿಮೆ ಮಾಡೋಣ, ಅಲ್ಲಿನವರ ಜೊತೆ ಮಾತು ಬೆಳೆಸು ಅಂತ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಆಯಮ್ಮ ಫೈಲು ಹಿಡಿದು ನಿಂತದ್ದನ್ನು ಅವರದೇ ದನಿಯಲ್ಲಿ ಮಾಡಿ ತೋರಿಸಿದಳು. ಬಿದ್ದು ಬಿದ್ದು ನಕ್ಕೆ. ಈ ಅರ್ಧ ಗಂಟೆ ಇವಳು ಇವಳೇ ಆಗಿರುತ್ತಾಳೆ, ಅದನ್ನೂ ನಾನು...