ಗೆರಟೆಯ ನೀರು, ವೈರಸ್ಸಿನ ಒಂದು ಅಕ್ಷರ

2024 ಜೂನ್ 16, ಭಾನುವಾರ
ಸುಳ್ಯ ತಾಲೂಕು

ಬೆಳಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ರಬ್ಬರ್ ತೋಟಕ್ಕೆ ಹೋಗಿ ಗೆರಟೆಗಳನ್ನು ಕವುಚಿ ಹಾಕುತ್ತಾ ಬಂದೆ. ಟ್ಯಾಪಿಂಗ್, ಅಂದರೆ ಮರ ಗೀರಿ ಗೆರಟೆಗೆ ಹಾಲು ಇಳಿಸುವುದು, ನಿಲ್ಲಿಸಿ ಎರಡು ವಾರ ಆಯಿತು, ಆಗಲೇ ಮಾಡಬೇಕಿತ್ತು. ಒಂದು ಗೆರಟೆಯಲ್ಲಿ ಮಸುಕು ನೀರು, ಅದರೊಳಗೆ ಬಳುಕುವ ಸಣ್ಣ ಸಣ್ಣ ಮರಿಗಳು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲ ಒಟ್ಟಿಗೆ ತಳಕ್ಕೆ ಇಳಿದವು. ಅಷ್ಟರಲ್ಲಿ ಕೈ ಮೇಲೆ ಒಂದು ನುಸಿ ಬಂದು ಕೂತಿತು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನಿನ ನಡುವೆ ಸುಣ್ಣದಲ್ಲಿ ಎಳೆದ ಹಾಗೆ ಒಂದೇ ಒಂದು ಗೆರೆ. ಏಡಿಸ್ ಆಲ್ಬೊಪಿಕ್ಟಸ್. ತೋಟದ ನುಸಿ ಅಂದರೆ ಇದೇ.

2008ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ಚಿಕೂನ್‌ಗುನ್ಯಾ ಬಂದಾಗ ಅಮ್ಮ ಗೋಡೆ ಹಿಡಿದು ಏಳುತ್ತಿದ್ದಳು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಗಂಟುನೋವು ಮಾತ್ರ ಮುಂದಿನ ಮಳೆಗಾಲದವರೆಗೂ ಇತ್ತು. ಒಂದು ಚೊಂಬು ನೀರು ಎತ್ತಲೂ ಎರಡು ಕೈ ಬೇಕಿತ್ತು. ಊರಲ್ಲಿ ಕೆಲವರು 'ಚಿಕನ್ ಗುನ್ಯಾ' ಅಂದುಕೊಂಡು ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಹೆಸರಿಗೂ ಕೋಳಿಗೂ ಸಂಬಂಧವೇ ಇಲ್ಲ. 1952-53ರಲ್ಲಿ ಈಗಿನ ಟಾಂಜಾನಿಯಾದಲ್ಲಿ ಈ ರೋಗ ಮೊದಲ ಸಲ ಗೊತ್ತಾಯಿತು. ಅಲ್ಲಿನ ಮಕೊಂಡೆ ಜನರ ಮಾತಿನಲ್ಲಿ ಆ ಪದಕ್ಕೆ 'ಬಾಗಿಸುವುದು' ಅಂತ ಅರ್ಥ. ಅಮ್ಮನನ್ನು ನೋಡಿದ ಮೇಲೆ ಆ ಹೆಸರು ಎಷ್ಟು ಸರಿ ಅನ್ನಿಸಿತು.

ನಮ್ಮ ದೇಶಕ್ಕೆ ಇದು ಹೊಸದಲ್ಲ. 1963ರಲ್ಲಿ ಕೋಲ್ಕತ್ತಾದಲ್ಲಿ ಬಂದಿತ್ತು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ. ಆಮೇಲೆ ಮೂವತ್ತೆರಡು ವರ್ಷ ಸುದ್ದಿಯೇ ಇಲ್ಲ. 2005ರ ಕೊನೆಯಲ್ಲಿ ತಿರುಗಿ ಬಂದದ್ದು ಬೇರೆಯೇ ತಳಿ, ಆಫ್ರಿಕಾದ್ದು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ್ದೇ. ಆಗ ಅದನ್ನು ಹೆಚ್ಚಾಗಿ ಹರಡಿದ್ದು ಏಡಿಸ್ ಈಜಿಪ್ಟೈ, ಮನೆಯ ತೊಟ್ಟಿ ಡ್ರಮ್ಮುಗಳಲ್ಲಿ ಬೆಳೆಯುವ ನುಸಿ.

ನಮ್ಮ ತೋಟದ ನುಸಿಗೆ ಕೆಲಸ ಸಿಕ್ಕಿದ್ದು ಒಂದು ಅಕ್ಷರದಿಂದ. ಈ ವೈರಸ್ಸಿನ ಆರ್‌ಎನ್‌ಎಯಲ್ಲಿ, ಅಂದರೆ ಅದರ ವಂಶದ ಬರಹದಲ್ಲಿ, ಇರುವುದು ಹನ್ನೆರಡು ಸಾವಿರದ ಹತ್ತಿರ ಅಕ್ಷರ. ನಕಲು ಮಾಡಿಕೊಳ್ಳುವಾಗ ತಪ್ಪುತ್ತಲೇ ಇರುತ್ತದೆ, ತಿದ್ದುವವರಿಲ್ಲ. ಹಾಗೆ ಒಂದು 'ಸಿ' ಇದ್ದಲ್ಲಿ 'ಯು' ಬಂತು. ವೈರಸ್ಸಿನ ಹೊರಮೈಯ ಇ1 ಪ್ರೋಟೀನಿನ 226ನೇ ಜಾಗದಲ್ಲಿ ಅಲನೈನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಎಂಬ ಇನ್ನೊಂದು ಕೂತಿತು. ಅಷ್ಟೇ! ಆಲ್ಬೊಪಿಕ್ಟಸ್ ನುಸಿಯ ಹೊಟ್ಟೆಯೊಳಗೆ ನೆಲೆಯೂರುವುದು ವೈರಸ್ಸಿಗೆ ಎಷ್ಟೋ ಪಟ್ಟು ಸುಲಭವಾಯಿತು. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಲಗಿದ್ದು ಮುಖ್ಯವಾಗಿ ಇದರಿಂದಲೇ.

ನನಗೆ ಜಾಸ್ತಿ ಆಶ್ಚರ್ಯ ಆದದ್ದು ಮುಂದಿನ ವಿಷಯ. 2007ರಲ್ಲಿ ಕೇರಳದ ವೈರಸ್ಸಿನಲ್ಲಿ ಇದೇ ಬದಲಾವಣೆ ಸಿಕ್ಕಿತು. ಅದು ರಿಯೂನಿಯನ್‌ನಿಂದ ಬಂದದ್ದಲ್ಲ, ಇಲ್ಲೇ ಪ್ರತ್ಯೇಕವಾಗಿ ಹುಟ್ಟಿದ್ದು. ರಬ್ಬರ್ ತೋಟ, ಗೆರಟೆ, ಮಳೆ, ಈ ನುಸಿ ಎಲ್ಲ ಒಂದೇ ಕಡೆ ಇದ್ದಾಗ ಆ ತಪ್ಪು ಅಕ್ಷರದ ನಕಲೇ ಗೆಲ್ಲುತ್ತದೆ ಅಲ್ವಾ? ಏಷ್ಯಾದ ಹಳೇ ತಳಿ ಇದೇ ನುಸಿಗಳ ನಡುವೆ ದಶಕಗಟ್ಟಲೆ ಇದ್ದರೂ ಅದಕ್ಕೆ ಇದು ಆಗಲಿಲ್ಲ. ಅದರ ಅದೇ ಪ್ರೋಟೀನಿನ 98ನೇ ಜಾಗದಲ್ಲಿರುವ ಇನ್ನೊಂದು ಬದಲಾವಣೆ ಅಡ್ಡ ಬರುತ್ತದಂತೆ. ಅದೇ 2007ರಲ್ಲಿ ಕೇರಳದಿಂದ ಹೋದ ಒಬ್ಬರ ಜೊತೆ ವೈರಸ್ ಇಟಲಿಯ ಕಾಸ್ತಿಲಿಯೋನೆ ದಿ ಚೆರ್ವಿಯಾ ಎಂಬ ಹಳ್ಳಿಗೂ ಮುಟ್ಟಿತು. ಅಲ್ಲಿಯೂ ಕಾಯುತ್ತಿದ್ದದ್ದು ಇದೇ ಪಟ್ಟೆ ನುಸಿ.

ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಗೆರಟೆಯ ಗೋಡೆಗೆ ಅಂಟಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದರೆ ಒಡೆಯುತ್ತದೆ. ಹಾಗಾಗಿ ತೆಂಗಿನ ನಾರಿನಲ್ಲಿ ಒಂದೊಂದನ್ನೇ ಉಜ್ಜಿ ಕವುಚಿದೆ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಗಳನ್ನು ಅಮ್ಮ ಒಟ್ಟು ಮಾಡಿ ಕೊಟ್ಟಳು. ಬೇಡ ಅಂದರೂ ಕೇಳಲಿಲ್ಲ.

ಹನ್ನೊಂದಕ್ಕೆ ಮಳೆ ಮತ್ತೆ ಹಿಡಿಯಿತು. ಮೇಲಿನ ಎರಡು ಸಾಲು ಉಳಿದಿದೆ. ನಾಳೆ ಬೆಳಗ್ಗೆ.